ಗವಸಿಲ್ಲದ ಹೃದಯ

(ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)

ಮಂಗಾಫ್, ಮಹಬೂಲಾ, ಅಬ್ಬಾಸಿಯಾ ಕಡೆಗಳಿಂದ ರಜೆಯ ದಿನದ ನಿದ್ದೆ ಬಿಟ್ಟು ಬಂದಿರುವ ಸೋದರ ಸೋದರಿಯರೇ, "ಡಾನ್ಸ್ ಯಾವಾಗ?" ಎಂದು ಮುಂದಿನ ಸಾಲಿನಿಂದ ಕೇಳುತ್ತಿರುವ ಪುಟಾಣಿಗಳೇ!

ಹೃದಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದಾಗ, ಎಣ್ಣೆ ಕಡಿಮೆ ಮಾಡಿ, ನಡೆಯಿರಿ, ಸಿಗರೇಟು ಬಿಡಿ ಎಂದು ಹೇಳಿ ಮುಗಿಸಬಹುದಿತ್ತು. ಅದನ್ನು ನೀವು ಹಿಂದಿನ ವರ್ಷಗಳಲ್ಲೂ ಕೇಳಿದ್ದೀರಿ, ಕೇಳಿ ಊಟಕ್ಕೆ ಹೋಗಿದ್ದೀರಿ. ಇವತ್ತು ಬೇರೆ ವಿಷಯ ತಂದಿದ್ದೇನೆ. ಬಹಳ ಅಪರೂಪದ ವಿಷಯ. ಅಪರೂಪದ್ದು ನಮಗೇಕೆ ಎಂದು ಕೇಳಬೇಡಿ. ಕೊನೆಯಲ್ಲಿ ಅದು ಪ್ರತಿಯೊಬ್ಬರ ಕಪಾಟಿನಲ್ಲಿರುವ ಒಂದು ವಸ್ತುವಿನ ಹತ್ತಿರ ಬಂದು ನಿಲ್ಲುತ್ತದೆ.

ಆ ವಸ್ತು ಎದೆಯ ಎಕ್ಸ್‌ರೇ. ಕೆಲಸದ ವೀಸಾ ಹಿಡಿದು ಕುವೈತಿಗೆ ಬಂದ ನಮ್ಮಲ್ಲಿ ಎದೆಯ ಎಕ್ಸ್‌ರೇ ತೆಗೆಸಿಕೊಳ್ಳದೆ ಬಂದವರಿಲ್ಲ. ಊರಿನಲ್ಲಿ, ನಾವೆಲ್ಲ ಗಾಮ್ಕಾ ಎಂದು ಕರೆಯುತ್ತಿದ್ದ, ಈಗ ವಾಫಿದ್ ಆಗಿರುವ ಮೆಡಿಕಲ್‌ಗೆ ಒಮ್ಮೆ. ಇಲ್ಲಿಗೆ ಬಂದ ಮೇಲೆ ಇಕಾಮಾಕ್ಕಾಗಿ ಇನ್ನೊಮ್ಮೆ. ಅಂಗಿ ಬಿಚ್ಚಿ, ತಣ್ಣನೆಯ ಹಲಗೆಗೆ ಎದೆ ಒತ್ತಿ, ಉಸಿರು ಬಿಗಿಹಿಡಿದು ನಿಂತದ್ದು ನೆನಪಿರಬೇಕು. "ಫಿಟ್" ಎಂದು ಬಂದರೆ ಸಾಕಪ್ಪಾ ಎಂದು ಊರ ದೈವದೇವರುಗಳಿಗೆಲ್ಲ ಹರಕೆ ಹೇಳಿಕೊಂಡವರೂ ಇದ್ದೀರಿ. ಆ ಎಕ್ಸ್‌ರೇಯಲ್ಲಿ ಮುಖ್ಯವಾಗಿ ನೋಡುವುದು ಶ್ವಾಸಕೋಶದ ಕ್ಷಯವನ್ನು. ಆದರೆ ಆ ಕಪ್ಪು ಬಿಳುಪು ಚಿತ್ರದ ನಡುವೆ ನಿಮ್ಮ ಹೃದಯದ ನೆರಳೂ ಇದೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ನೆರಳೂ ಇದೆ. "ಫಿಟ್" ಎಂದ ಮೇಲೆ ಆ ಚಿತ್ರವನ್ನು ಯಾರೂ ಕೇಳುವುದಿಲ್ಲ. ನಾನು ಇವತ್ತು ಕೇಳುತ್ತೇನೆ: ಎಲ್ಲಿಟ್ಟಿದ್ದೀರಿ ಅದನ್ನು?

ಉತ್ತರ ಈಗಲೇ ಬೇಡ. ಮೊದಲು ಹೃದಯದ ಗವಸಿನ ಕತೆ ಕೇಳಿ.

ಹಲಸಿನ ಹಣ್ಣು ಬಿಡಿಸಿದವರಿಗೆ ಗೊತ್ತು, ತೊಳೆಯೊಳಗಿನ ಬೀಜಕ್ಕೆ ನುಣುಪಾದ, ಜಾರುವ ಪೊರೆಯೊಂದು ಇರುತ್ತದೆ. ನಮ್ಮ ಹೃದಯವೂ ಎದೆಯೊಳಗೆ ಬರಿಮೈಯಲ್ಲಿ ತೂಗುತ್ತಿಲ್ಲ. ಅದಕ್ಕೊಂದು ಚೀಲವಿದೆ. ಕನ್ನಡದಲ್ಲಿ ಹೃದಯಾವರಣ, ಡಾಕ್ಟರುಗಳ ಬಾಯಲ್ಲಿ ಪೆರಿಕಾರ್ಡಿಯಂ. ಹೊರಗೆ ಗಟ್ಟಿ ನಾರಿನ ಪದರ, ಒಳಗೆ ನುಣುಪಾದ ಪದರಗಳು, ನಡುವೆ ಕೀಲಿಗೆ ಎಣ್ಣೆ ಬಿಟ್ಟ ಹಾಗೆ 15ರಿಂದ 50 ಮಿಲಿಲೀಟರ್‌ನಷ್ಟು ತಿಳಿಯಾದ ದ್ರವ. ಹೃದಯ ದಿನಕ್ಕೆ ಲಕ್ಷ ಸಲ ಬಡಿದರೂ ಪಕ್ಕದ ಶ್ವಾಸಕೋಶಕ್ಕೆ ಉಜ್ಜದಂತೆ, ನಾವು ಮಗ್ಗುಲು ಬದಲಿಸಿದಾಗ ಅತ್ತಿತ್ತ ಜಾರದಂತೆ ಈ ಗವಸು ಹಿಡಿದಿಡುತ್ತದೆ. ಹೃದಯದಿಂದ ಮೇಲೆದ್ದು ಹೊರಡುವ ಮಹಾಪಧಮನಿ, ಅಂದರೆ ಅಯೋರ್ಟಾ, ಅದರ ಮೊದಲ ಕೆಲವು ಸೆಂಟಿಮೀಟರ್ ಕೂಡ ಇದೇ ಗವಸಿನೊಳಗೇ ಇರುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆಲವೇ ಕೆಲವರು ಈ ಗವಸಿಲ್ಲದೆ ಅಥವಾ ಅರ್ಧ ಗವಸಿನೊಂದಿಗೆ ಹುಟ್ಟುತ್ತಾರೆ. ತಾಯಿಯ ಗರ್ಭದಲ್ಲಿ ಮಗು ಇನ್ನೂ ಐದಾರು ವಾರದ ಚಿಗುರಾಗಿರುವಾಗ ಹೃದಯಕ್ಕೂ ಶ್ವಾಸಕೋಶಕ್ಕೂ ನಡುವೆ ಗೋಡೆ ಕಟ್ಟುವ ಕೆಲಸ ನಡೆಯುತ್ತದೆ. ಆ ಗೋಡೆಗೆ ರಕ್ತ ಒದಗಿಸುವ ಎಡಗಡೆಯ ನಾಳವೊಂದು ಅವಧಿಗೆ ಮೊದಲೇ ಸೊರಗಿದರೆ ಗೋಡೆ ಅರ್ಧಕ್ಕೇ ನಿಲ್ಲುತ್ತದೆ ಎಂದು ವೈದ್ಯಶಾಸ್ತ್ರ ಭಾವಿಸಿದೆ. ಅದಕ್ಕೇ ಈ ಕೊರತೆ ಹೆಚ್ಚಾಗಿ ಎಡಗಡೆಯಲ್ಲೇ ಕಾಣುತ್ತದೆ. ಇದು ತಾಯಿ ತಿಂದದ್ದರಿಂದಲೋ ಗ್ರಹಣ ನೋಡಿದ್ದರಿಂದಲೋ ಬಂದದ್ದಲ್ಲ. ಅಜ್ಜಿಯರು ಇಲ್ಲಿದ್ದರೆ ಕ್ಷಮಿಸಿ.

ಇಟಲಿಯ ಅಂಗರಚನಾ ಪಂಡಿತ ರಿಯಾಲ್ಡೊ ಕೊಲಂಬೊ ಇದನ್ನು ಮೊದಲು ಬರೆದಿಟ್ಟದ್ದು 1559ರಲ್ಲಿ. ಅಲ್ಲಿಂದ ಮುಂದೆ ಬಹುಕಾಲ ಇದು ಶವಪರೀಕ್ಷೆಯ ಮೇಜಿನ ಮೇಲೆ ಮಾತ್ರ ಗೊತ್ತಾಗುತ್ತಿದ್ದ ಸಂಗತಿ. ಹತ್ತು ಸಾವಿರ ಶವಪರೀಕ್ಷೆಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಈಗ ಎಕ್ಸ್‌ರೇ, ಎಕೋ, ಸಿಟಿ, ಎಂಆರ್‌ಐಗಳು ಬಂದು ಬದುಕಿರುವವರಲ್ಲೂ ಪತ್ತೆಯಾಗುತ್ತಿದೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಎಡಗಡೆಯ ಗವಸು ಪೂರ್ತಿ ಇಲ್ಲದವರು ಕಬಡ್ಡಿ ಆಡಿಕೊಂಡು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ತಮಗೆ ಹೀಗಿದೆ ಎಂದು ಗೊತ್ತೇ ಇಲ್ಲದೆ ಬಾಳಬಹುದು. ಹೃದಯ ಸ್ವಲ್ಪ ಎಡಕ್ಕೆ ವಾಲಿರುತ್ತದೆ, ಅಷ್ಟೆ. ಕೆಲವರಿಗೆ ಎಡಮಗ್ಗುಲಲ್ಲಿ ಮಲಗಿದರೆ ಎದೆಯಲ್ಲಿ ಚುಚ್ಚಿದ ಹಾಗಾಗುತ್ತದೆ. ತೊಂದರೆ ಇರುವುದು ಗವಸಿನಲ್ಲಿ ಸಣ್ಣ ಕಿಂಡಿ ಇರುವವರಿಗೆ. ಆ ಕಿಂಡಿಯಿಂದ ಹೃದಯದ ಒಂದು ತುದಿ ಹೊರಬಂದು, ಗುಂಡಿಯ ಕಾಜದಲ್ಲಿ ಬೆರಳು ಸಿಕ್ಕ ಹಾಗೆ, ಬಿಗಿದುಕೊಳ್ಳಬಹುದು. ಅಂಥವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇನ್ನೊಂದು ಮಾತು: ಗವಸಿಲ್ಲದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೃದಯದಲ್ಲಿ ಹುಟ್ಟಿನಿಂದಲೇ ಇನ್ನೇನಾದರೂ ವ್ಯತ್ಯಾಸ ಇರುತ್ತದೆ. ಅವುಗಳಲ್ಲಿ ಒಂದು, ಮಹಾಪಧಮನಿಯ ಬಾಗಿಲಿಗೆ ಮೂರು ಎಸಳಿನ ಬದಲು ಎರಡೇ ಎಸಳಿನ ಕವಾಟ. ಎರಡೆಸಳಿನ ಕವಾಟ ಇರುವವರ ಮಹಾಪಧಮನಿ ಹಿಗ್ಗುವ, ಸೀಳುವ ಸಂಭವ ಉಳಿದವರಿಗಿಂತ ಹೆಚ್ಚು.

ಇಲ್ಲಿಗೆ ಕತೆಯ ಎರಡನೆಯ ಪಾತ್ರ ಬಂತು: ಮಹಾಪಧಮನಿಯ ಸೀಳು.

ತೋಟಕ್ಕೆ ನೀರು ಬಿಡುವ ಹಳೆಯ ಪದರದ ಪೈಪು ನೋಡಿದ್ದೀರಿ. ಒಳಪದರ ಒಂದು ಕಡೆ ಬಿರಿದರೆ ಪಂಪಿನ ಒತ್ತಡಕ್ಕೆ ನೀರು ಪದರಗಳ ನಡುವೆ ನುಗ್ಗಿ ಉದ್ದಕ್ಕೂ ಸುಲಿಯುತ್ತಾ ಹೋಗುತ್ತದೆ. ಮಹಾಪಧಮನಿಗೂ ಮೂರು ಪದರ. ವರ್ಷಗಟ್ಟಲೆ ರಕ್ತದೊತ್ತಡ ಏರಿ ಒಳಪದರ ಬಿರಿದರೆ ರಕ್ತ ಹಾಗೆಯೇ ಸೀಳಿಕೊಂಡು ಹೋಗುತ್ತದೆ. ಮಿದುಳಿಗೆ ಹೋಗುವ ಕವಲು ಮುಚ್ಚಿದರೆ ಲಕ್ವ, ಕೈಗೆ ಹೋಗುವುದು ಮುಚ್ಚಿದರೆ ಆ ಕೈಯಲ್ಲಿ ನಾಡಿ ಇಲ್ಲ, ಹೃದಯಕ್ಕೇ ರಕ್ತ ಕೊಡುವ ಕವಲು ಮುಚ್ಚಿದರೆ ಇಸಿಜಿಯಲ್ಲಿ ಸಾಕ್ಷಾತ್ ಹೃದಯಾಘಾತ! ಒಂದೇ ರೋಗ, ಹತ್ತು ವೇಷ. ವರ್ಷಕ್ಕೆ ಲಕ್ಷಕ್ಕೆ ಮೂರರಿಂದ ಆರು ಮಂದಿಗೆ ಬರುತ್ತದೆ. ಬಂದವರಲ್ಲಿ ನಾಲ್ಕರಲ್ಲಿ ಮೂವರಿಗೆ ಮೊದಲೇ ಬಿಪಿ ಇರುತ್ತದೆ. ಹೃದಯಕ್ಕೆ ಹತ್ತಿರದ ಭಾಗ ಸೀಳಿದರೆ, ಚಿಕಿತ್ಸೆ ಸಿಗದಿದ್ದಲ್ಲಿ, ಮೊದಲ ಎರಡು ದಿನ ಗಂಟೆಗೆ ನೂರರಲ್ಲಿ ಒಬ್ಬಿಬ್ಬರಂತೆ ಸಾಯುತ್ತಾರೆ ಎಂಬುದು ವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದ ಲೆಕ್ಕ.

ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ಸತ್ತದ್ದು ಹೀಗೆಯೇ. 1760ರ ಅಕ್ಟೋಬರ್ 25ರ ಬೆಳಿಗ್ಗೆ ಶೌಚಗೃಹಕ್ಕೆ ಹೋದವನು ಅಲ್ಲೇ ಕುಸಿದ. ಆಸ್ಥಾನ ವೈದ್ಯ ಫ್ರಾಂಕ್ ನಿಕೋಲ್ಸ್ ದೇಹ ತೆರೆದು ನೋಡಿದಾಗ ಹೃದಯದ ಗವಸು ಹೆಪ್ಪುಗಟ್ಟಿದ ರಕ್ತದಿಂದ ಬಿಗಿದು ತುಂಬಿತ್ತು, ಮಹಾಪಧಮನಿಯಲ್ಲಿ ಸೀಳಿತ್ತು. ಮಹಾಪಧಮನಿಯ ಬುಡ ಗವಸಿನೊಳಗಿದೆ ಎಂದು ಆಗ ಹೇಳಿದೆನಲ್ಲ, ಅದಕ್ಕೇ. ಅಲ್ಲಿ ಒಡೆದರೆ ರಕ್ತ ಗವಸಿನೊಳಗೆ ತುಂಬಿ ಹೃದಯವನ್ನು ಹಿಸುಕುತ್ತದೆ. ರಭಸವಾಗಿ ತುಂಬಿದರೆ ಒಂದು ಲೋಟದಷ್ಟು ರಕ್ತವೇ ಸಾಕು. ಕಾಯುವ ಗವಸೇ ಕುಣಿಕೆಯಾಗುತ್ತದೆ.

ಹಾಗಾದರೆ ಗವಸೇ ಇಲ್ಲದವನು ಪುಣ್ಯವಂತ ಅಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಅವನ ರಕ್ತ ತಡೆಯಿಲ್ಲದೆ ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಹರಿಯುತ್ತದೆ. ಆ ಜಾಗಕ್ಕೆ ಲೀಟರುಗಟ್ಟಲೆ ಹಿಡಿಯುತ್ತದೆ. ಹೃದಯ ಹಿಸುಕಿಹೋಗುವ ಬದಲು ಮೈಯ ರಕ್ತವೇ ಬರಿದಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಡಾಕ್ಟರು ಹುಡುಕುವ ಗುರುತುಗಳೇ ಅಲ್ಲಿ ಇರುವುದಿಲ್ಲ.

ಇವೆರಡೂ ಒಬ್ಬನಲ್ಲೇ ಸೇರುವುದು ವೈದ್ಯಕೀಯ ಪತ್ರಿಕೆಗಳು ಒಂದೊಂದಾಗಿ ವರದಿ ಮಾಡುವಷ್ಟು ಅಪರೂಪ. ಆದರೂ ಒಂದು ರಾತ್ರಿಯನ್ನು ನನ್ನ ಜೊತೆ ಕಲ್ಪಿಸಿಕೊಳ್ಳಿ. ಇದು ಯಾರ ಕತೆಯೂ ಅಲ್ಲ, ಕಲ್ಪನೆ.

ಅಬ್ಬಾಸಿಯಾದ ಒಂದು ರೂಮು. ನಾಲ್ಕು ಮಂದಿ. ಅವರಲ್ಲೊಬ್ಬ, ನಲವತ್ತೆಂಟು ವರ್ಷ, ಬಿಪಿ ಮಾತ್ರೆ ಮುಗಿದು ಮೂರು ವಾರವಾಗಿದೆ, ಊರಿಂದ ಬರುವವರ ಕೈಯಲ್ಲಿ ತರಿಸೋಣ ಎಂದು ಬಿಟ್ಟಿದ್ದಾನೆ. ರಾತ್ರಿ ಹನ್ನೊಂದಕ್ಕೆ ಎದ್ದು ಕೂತು, "ಮಾರಾಯ, ಎದೆಯಿಂದ ಬೆನ್ನಿಗೆ ಬಟ್ಟೆ ಹರಿದ ಹಾಗೆ ಆಯಿತು" ಎನ್ನುತ್ತಾನೆ. ರೂಮಿನವರು ಏನು ಹೇಳುತ್ತಾರೆ? ನೀವೇ ಹೇಳಿ. ಹೌದು, ಗ್ಯಾಸ್! ಜೀರಿಗೆ ಕಷಾಯ, ಸೋಡಾ, ಬೆನ್ನಿಗೆ ಮುಲಾಮು. ಒಂದು ಗಂಟೆ ಹೋಯಿತು. ಆಮೇಲೆ ಆಸ್ಪತ್ರೆ. ಅಲ್ಲಿ ಅವನು ಕನ್ನಡದಲ್ಲಿ ಅನುಭವಿಸಿದ ನೋವನ್ನು ಹರಕು ಹಿಂದಿಯಲ್ಲಿ ಹೇಳಬೇಕು, ಅದನ್ನು ಅರಬ್ಬಿ ಮಾತನಾಡುವ ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು. "ಬಟ್ಟೆ ಹರಿದ ಹಾಗೆ" ಎಂಬ ಮಾತು ಈ ದಾರಿಯಲ್ಲಿ ಎಲ್ಲೋ ಉದುರಿಹೋಗಿ, ಕಾಗದದ ಮೇಲೆ "ಎದೆನೋವು" ಎಂದಷ್ಟೇ ಉಳಿಯುತ್ತದೆ. ರೋಗ ಗುರುತಿಸಲು ಬೇಕಾಗಿದ್ದದ್ದು ಆ ಉದುರಿಹೋದ ಮಾತು.

ಈಗ ಈ ಮನುಷ್ಯನಿಗೆ ಹುಟ್ಟಿನಿಂದ ಎಡಗಡೆಯ ಗವಸಿಲ್ಲ ಎಂದಿಟ್ಟುಕೊಳ್ಳಿ. ಇಸಿಜಿ ತೆಗೆದರೆ ಗೆರೆಗಳು ವಿಚಿತ್ರ. ಹೃದಯ ವಾಲಿರುವುದರಿಂದ ಅವನ ಗೆರೆಗಳು ಯಾವತ್ತೂ ಹಾಗೆಯೇ ಇದ್ದವು, ಆದರೆ ಡಾಕ್ಟರಿಗೆ ಅದು ಗೊತ್ತಿಲ್ಲ. ಎಕ್ಸ್‌ರೇ ತೆಗೆದರೆ ಹೃದಯದ ನೆರಳು ಎಡಕ್ಕೆ ಜಾರಿದೆ, ಅಂಚು ಉಬ್ಬಿದೆ. ಇದು ಹೊಸದೋ ಹಳೆಯದೋ? ಮಹಾಪಧಮನಿ ಸೀಳಿದಾಗ ಎದೆಯ ನಡುವಿನ ನೆರಳು ಅಗಲವಾಗಿ ಕಾಣುತ್ತದೆ ಎಂಬುದು ಪಾಠ. ಸಾಮಾನ್ಯ ಹೃದಯದವರಲ್ಲೇ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆ ಗುರುತು ಕಾಣುವುದಿಲ್ಲ. ಇನ್ನು ನೆರಳೇ ಜಾಗ ಬಿಟ್ಟಿರುವವನಲ್ಲಿ ಯಾವುದಕ್ಕೆ ಹೋಲಿಸಿ ನೋಡುವುದು? ಹಾಸಿಗೆಯ ಪಕ್ಕದಲ್ಲಿ ಎಕೋ ಮಾಡಿದರೆ ಹೃದಯ ಎಂದಿನ ಜಾಗದಲ್ಲಿ ಸಿಗುವುದಿಲ್ಲ, ಶ್ವಾಸಕೋಶ ಅಡ್ಡ ಬರುತ್ತದೆ. ಹೃದಯದ ಸುತ್ತ ರಕ್ತ ನಿಂತಿದೆಯೇ ಎಂದು ನೋಡಿದರೆ, ಇಲ್ಲ. ಗವಸಿದ್ದರಲ್ಲವೇ ನಿಲ್ಲುವುದು? ಆದರೆ ಎಡ ಎದೆಯ ಕೆಳಗೆ ದ್ರವ ಕಾಣುತ್ತದೆ. ಅದನ್ನು ನ್ಯುಮೋನಿಯಾದ ನೀರು ಎಂದೋ ಕ್ಷಯದ ನೀರು ಎಂದೋ ಎಣಿಸುವುದು ಸುಲಭ.

ಇದರ ಅಡಿಮೇಲೂ ಆಗಬಹುದು. ಮಹಾಪಧಮನಿ ಗಟ್ಟಿಯಾಗಿಯೇ ಇದ್ದು, ಬರೀ ಗವಸಿಲ್ಲದ ಕಾರಣಕ್ಕೆ ನೆರಳು ವಿಚಿತ್ರವಾಗಿ ಕಂಡು, ಹೃದಯದ ತುದಿ ಕಿಂಡಿಯಲ್ಲಿ ಸಿಕ್ಕಿ ನೋವು ಬಂದು, ಮಹಾಪಧಮನಿಯೇ ಸೀಳಿತೇನೋ ಎಂಬ ಸಂಶಯ ಏಳಬಹುದು. ಇದ್ದದ್ದನ್ನು ಕಾಣದಿರುವುದೂ ತಪ್ಪು, ಇಲ್ಲದ್ದನ್ನು ಕಾಣುವುದೂ ತಪ್ಪು. ಎರಡಕ್ಕೂ ಪರಿಹಾರ ಒಂದೇ: ಸಂಶಯ ಬಂದ ತಕ್ಷಣ ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್. ಗವಸೂ ಮಹಾಪಧಮನಿಯೂ ಒಂದೇ ಚಿತ್ರದಲ್ಲಿ ಬಯಲಾಗುತ್ತವೆ. ಸ್ಕ್ಯಾನಿಗೆ ಹೆಚ್ಚು ಹೊತ್ತು ಬೇಡ. ಆ ಸಂಶಯ ಬರುವುದಕ್ಕೇ ಹೊತ್ತು ಹಿಡಿಯುವುದು.

ಸಂಶಯ ಯಾಕೆ ಅಷ್ಟು ಮುಖ್ಯ? ಹೃದಯಾಘಾತಕ್ಕೆ ಕೊಡುವ ಔಷಧಿ ಮತ್ತು ಸೀಳಿಗೆ ಕೊಡುವ ಔಷಧಿ ಒಂದಕ್ಕೊಂದು ವಿರುದ್ಧ. 2021ರ ಅಕ್ಟೋಬರ್ 29ರಂದು ನಮ್ಮ ಪ್ರೀತಿಯ ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡ ಮೇಲೆ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ಒಳ್ಳೆಯ ಯೋಜನೆ. ಹೃದಯಾಘಾತದಲ್ಲಿ ಅದು ಸಂಜೀವಿನಿ. ಆದರೆ ಸೀಳಿದ ನಾಳದಲ್ಲಿ ರಕ್ತ ನಿಲ್ಲಿಸಲು ದೇಹ ಕಟ್ಟಿಕೊಂಡ ಹೆಪ್ಪನ್ನೇ ಅದು ಕರಗಿಸಿಬಿಡುತ್ತದೆ. ಸೀಳಿಗೆ ಬೇಕಾದದ್ದು ಒತ್ತಡ ಇಳಿಸುವುದು, ನಾಡಿಯ ವೇಗ ತಗ್ಗಿಸುವುದು, ಹೃದಯದ ಬುಡದಲ್ಲಾದರೆ ತಡಮಾಡದೆ ಶಸ್ತ್ರಚಿಕಿತ್ಸೆ. ಅದಕ್ಕೇ ಡಾಕ್ಟರುಗಳು ಎರಡೂ ಕೈಗಳ ಬಿಪಿ ನೋಡುತ್ತಾರೆ. 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಚ್ಚರವಾಗುತ್ತಾರೆ.

ಭಯಪಡಿಸಿ ಕಳುಹಿಸುವುದು ನನ್ನ ಉದ್ದೇಶವಲ್ಲ. ಅಮೆರಿಕದ ಪ್ರಸಿದ್ಧ ಶಸ್ತ್ರವೈದ್ಯ ಮೈಕೆಲ್ ಡಿಬೇಕಿ ಈ ಸೀಳಿಗೆ ಶಸ್ತ್ರಚಿಕಿತ್ಸೆಯ ದಾರಿ ತೋರಿಸಿದವರಲ್ಲಿ ಮೊದಲಿಗರು. ಸೀಳುಗಳನ್ನು ವಿಂಗಡಿಸುವ ಒಂದು ಪದ್ಧತಿಗೆ ಇಂದಿಗೂ ಅವರದೇ ಹೆಸರು. 2005ರ ಡಿಸೆಂಬರ್ 31ರಂದು, 97ನೆಯ ವಯಸ್ಸಿನಲ್ಲಿ, ಅದೇ ರೋಗ ಅವರಿಗೇ ಬಂತು. 2006ರ ಫೆಬ್ರವರಿಯಲ್ಲಿ ಅವರದೇ ಸಹೋದ್ಯೋಗಿಗಳು ಶಸ್ತ್ರಚಿಕಿತ್ಸೆ ಮಾಡಿದರು. ಚೇತರಿಸಿಕೊಂಡು 2008ರ ಜುಲೈವರೆಗೆ ಬದುಕಿದರು. ತೊಂಬತ್ತೇಳರ ಮುದುಕರು ಗೆದ್ದ ಮೇಲೆ ನಮ್ಮ ನಲವತ್ತೆಂಟರ ಮನುಷ್ಯ ಯಾಕೆ ಸೋಲಬೇಕು?

ಹಾಗಾದರೆ ನಾವು ಮಾಡಬೇಕಾದದ್ದೇನು?

ಮೊದಲನೆಯದು, ಆ ಎಕ್ಸ್‌ರೇ. ಮನೆಗೆ ಹೋಗಿ ಹುಡುಕಿ. ಎಕ್ಸ್‌ರೇ, ಇಸಿಜಿ, ಎಕೋ, ಯಾವುದೇ ವರದಿ ಇರಲಿ, ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ. ಒಂದು ಪ್ರತಿ ಹೆಂಡತಿಗೋ ಅಣ್ಣನಿಗೋ ಕಳುಹಿಸಿ. ಹಳೆಯ ಚಿತ್ರ ಪಕ್ಕದಲ್ಲಿದ್ದರೆ ಹೊಸ ಚಿತ್ರದಲ್ಲಿ ಬದಲಾದದ್ದು ಯಾವುದು ಎಂದು ಡಾಕ್ಟರಿಗೆ ಬೇಗ ತಿಳಿಯುತ್ತದೆ. ಗವಸಿದ್ದವರಿಗೂ ಇಲ್ಲದವರಿಗೂ ಈ ಮಾತು ಒಂದೇ.

ಎರಡನೆಯದು, ಯಾರಾದರೂ ಯಾವಾಗಲಾದರೂ "ನಿನ್ನ ಹೃದಯ ಸ್ವಲ್ಪ ಎಡಕ್ಕಿದೆ", "ಕವಾಟಕ್ಕೆ ಎರಡೇ ಎಸಳು", "ನೆರಳು ಉಬ್ಬಿದೆ, ಆದರೆ ಪರವಾಗಿಲ್ಲ" ಎಂದಿದ್ದರೆ ಆ ಮಾತನ್ನು ಮರೆಯಬೇಡಿ, ಮುಚ್ಚಿಡಬೇಡಿ. ಕೆಲಸ ಹೋದೀತು ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ಎಮರ್ಜೆನ್ಸಿಯಲ್ಲಿ ಮಾತ್ರ ಮೊದಲ ಮಾತೇ ಅದಾಗಿರಲಿ. ಒಮ್ಮೆ ಹೃದ್ರೋಗ ತಜ್ಞರಿಗೆ ತೋರಿಸಿಕೊಳ್ಳಿ. ಎರಡೆಸಳಿನ ಕವಾಟವಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಒಂದು ಎಕೋ ಮಾಡಿಸಿ.

ಮೂರನೆಯದು, ಬಿಪಿ ಮಾತ್ರೆ. ಇದರ ಬಗ್ಗೆ ಭಾಷಣ ಬೇಡ. ಮುಗಿಯುವ ಮೊದಲು ತನ್ನಿ. "ಊರಿಗೆ ಹೋದಾಗ ನೋಡೋಣ" ಎಂಬ ಮಾತು ನಮ್ಮ ಗಲ್ಫ್ ಬದುಕಿನ ದೊಡ್ಡ ರೋಗ.

ನಾಲ್ಕನೆಯದು, ನೋವು ಥಟ್ಟನೆ ಬಂದು, ಬಂದ ಕ್ಷಣದಲ್ಲೇ ಅತಿ ಜೋರಾಗಿದ್ದು, ಎದೆಯಿಂದ ಬೆನ್ನಿಗೋ ಹೊಟ್ಟೆಗೋ ಹರಿದ ಹಾಗೆ ಇಳಿದರೆ, ಕಷಾಯಕ್ಕೆ ನೀರಿಡಬೇಡಿ, ಟಿಕೆಟ್ಟಿಗೆ ಫೋನ್ ಮಾಡಬೇಡಿ, 112ಕ್ಕೆ ಕರೆ ಮಾಡಿ. ರೂಮಿನವರ ಡಬ್ಬಿಯಿಂದ ರಕ್ತ ತೆಳುವಾಗಿಸುವ ಮಾತ್ರೆಯನ್ನು ನಮ್ಮಷ್ಟಕ್ಕೆ ನುಂಗಿಸುವುದೂ ಬೇಡ, ಕರೆಗೆ ಉತ್ತರಿಸುವವರನ್ನು ಕೇಳಿ. ಶುವೈಖ್ ಬಳಿಯ ಸಬಾಹ್ ವೈದ್ಯಕೀಯ ಪ್ರದೇಶದಲ್ಲಿ ಹೃದಯಕ್ಕೂ ಎದೆಗೂ ಮೀಸಲಾದ ಚೆಸ್ಟ್ ಡಿಸೀಸಸ್ ಆಸ್ಪತ್ರೆ ಇದೆ. ಟ್ಯಾಕ್ಸಿಯವರಿಗೆ "ಸದ್ರಿ" ಎಂದರೆ ಗೊತ್ತಾಗುತ್ತದೆ. ಆದರೆ ಇಂಥ ನೋವಿನಲ್ಲಿ ಟ್ಯಾಕ್ಸಿಗಿಂತ ಆಂಬುಲೆನ್ಸ್ ಮೇಲು. ಎಲ್ಲಿಗೆ ಒಯ್ಯಬೇಕೆಂದು ಅವರಿಗೆ ಗೊತ್ತು.

ಐದನೆಯದು ರೂಮಿನವರಿಗೆ. ಇಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರಿಗೆ ರೂಮಿನವನೇ ಅಣ್ಣ, ರೂಮಿನವನೇ ತಮ್ಮ. ನಿಮ್ಮ ಪಕ್ಕದ ಹಾಸಿಗೆಯವನಿಗೆ ಏನು ಕಾಯಿಲೆ, ಏನು ಮಾತ್ರೆ ಎಂದು ನಿಮಗೆ ಗೊತ್ತೇ? ಆಸ್ಪತ್ರೆಗೆ ಜೊತೆಗೆ ಹೋದವರು ಅವನು ಹೇಳಿದ ಮಾತನ್ನೇ ಹೇಳಿ. "ಎದೆನೋವು" ಎನ್ನಬೇಡಿ. "ಹರಿದ ಹಾಗೆ ಆಯಿತಂತೆ, ಬೆನ್ನಿಗೆ ಹೋಯಿತಂತೆ, ಇಷ್ಟು ಗಂಟೆಗೆ ಶುರುವಾಯಿತು" ಎನ್ನಿ. ಈ ಮೂರು ಮಾತಿಗೆ ಮೂರು ಪರೀಕ್ಷೆಗಳಷ್ಟು ಬೆಲೆ ಇದೆ.

ಕೊನೆಯದಾಗಿ ಸಂಘಕ್ಕೆ ನನ್ನ ಬಿನ್ನಹ. ಇವತ್ತು ಸಂಗ್ರಹವಾಗುವ ನಿಧಿಯಲ್ಲಿ ಒಂದು ಸಣ್ಣ ಪಾಲಿನಿಂದ ಕಿಸೆಯಲ್ಲಿಡುವ ಒಂದು ಕಾರ್ಡು ಅಚ್ಚು ಹಾಕಿಸೋಣ. ಒಂದು ಬದಿ ಅರಬ್ಬಿ ಮತ್ತು ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಹೆಸರು, ರಕ್ತದ ಗುಂಪು, ಬಿಪಿ, ಮಾತ್ರೆ, ಹುಟ್ಟಿನಿಂದ ಇರುವ ಹೃದಯದ ತೊಂದರೆ, ಊರಿನ ಫೋನ್. ಕ್ಯಾಂಪುಗಳಿಗೆ ಹೋಗಿ ಬಿಪಿ ನೋಡಿ, ಅಲ್ಲೇ ಕಾರ್ಡು ತುಂಬಿಸಿ ಕೊಡೋಣ. ಅರಬ್ಬಿ ಬಲ್ಲ ನಾಲ್ಕು ಮಂದಿ ರಾತ್ರಿ ಹೊತ್ತಿನ ಫೋನಿಗೆ ಸಿಗುವುದಾದರೆ ಇನ್ನೂ ಒಳ್ಳೆಯದು. ಮಹಾಪಧಮನಿಯ ಶಸ್ತ್ರಚಿಕಿತ್ಸೆಗೆ ಬಾಟಲಿಗಟ್ಟಲೆ ರಕ್ತ ಬೇಕಾಗುತ್ತದೆ. ಜಾಬ್ರಿಯಾದ ರಕ್ತನಿಧಿಗೆ ಹೋಗಿ ತೋಳು ಚಾಚುವಾಗ, ಅದು ಯಾವ ಊರಿನ ಯಾವ ತಾಯಿಯ ಮಗನಿಗೆ ಹೋಗುತ್ತದೋ ನಮಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಗವಸಿಲ್ಲದೆ ಹುಟ್ಟಿದ ಹೃದಯವೂ ನಮ್ಮ ನಿಮ್ಮ ಹೃದಯದಂತೆಯೇ ಬಡಿಯುತ್ತದೆ. ಮನೆ ಮಠ ಬಿಟ್ಟು ಈ ಮರಳುಗಾಡಿಗೆ ಬಂದ ನಾವೂ ಒಂದು ಲೆಕ್ಕದಲ್ಲಿ ಹೊದಿಕೆ ಇಲ್ಲದವರೇ. ಒಬ್ಬರ ಕಾಗದಪತ್ರ ಇನ್ನೊಬ್ಬರಿಗೆ ಗೊತ್ತಿರಲಿ, ಒಬ್ಬರ ನೋವನ್ನು ಇನ್ನೊಬ್ಬರು ಸರಿಯಾಗಿ ಹೇಳುವಂತಾಗಲಿ.

ಪುಟಾಣಿಗಳೇ, ಈಗ ನಿಮ್ಮ ಡಾನ್ಸ್. ಆದರೆ ದೊಡ್ಡವರು ಊಟದ ಸಾಲಿಗೆ ನಿಲ್ಲುವ ಮೊದಲು, ಬಾಗಿಲ ಬಳಿ ಇಟ್ಟಿರುವ ಬಿಪಿ ಮೇಜಿಗೆ ಒಮ್ಮೆ ಬನ್ನಿ. ಅಲ್ಲಿ ಎರಡೂ ಕೈ ನೋಡುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.